ಅಳತಿ ಗೆರಿ

ದವಾಖಾನಿ ಕಿಟಕಿ ಕಟ್ಟಿ ಮ್ಯಾಲೆ
ಸಲೈನ್ ಬಾಟ್ಲಿ ಅರ್ಧಕ್ಕ ಕೊಯ್ದು
ಅದರಾಗ ಇಟ್ಟಿದ್ಲು ಶಮೀಮ್ ಸಿಸ್ಟರ್:
ಹೆಬ್ಬೆಟ್ಟಿನಷ್ಟು ಗಿಡ,
ಕಡು ಹಸಿರು ಎಲಿ, ಚೂಪು ತುದಿ,
ಹೊರಮೈ ತುಂಬ ಅಡ್ಡಡ್ಡ ಬಿಳಿ ಗೆರಿ.
ಮಷೀನಿಗೆ ನಾಕು ತಾಸು ಕಟ್ಟಿಸಿಕೊಂಡು ಮಲಗಿದಾಕಿಗೆ
ನೋಡಾಕ ಮತ್ತೇನದ?
ಎಣಿಸ್ತಿದ್ದೆ. ಒಂದೆಲಿಗೆ ಹತ್ತೊಂಬತ್ತು.
ಔಷಧಿ ಬಾಟ್ಲಿ ಮ್ಯಾಲಿನ ಅಳತಿ ಇದ್ದಂಗ.
"ಒಯ್ರಿ ಅಕ್ಕಾ," ಅಂದ್ಲು ಒಂದಿನ,
"ಬುಡಕ್ಕ ಮರಿ ಭಾಳ ಆಗ್ಯಾವ."

ಬ್ರಹ್ಮಪುರದ ಮನಿ, ಮೂಡಣ ಕಿಟಕಿ,
ಶಹಾಬಾದ್ ಕಲ್ಲಿನ ಹಲಗಿ.
ವೈಶಾಖದಾಗ ಆ ಕಲ್ಲು
ಹನ್ನೊಂದರೊಳಗೇ ಹೆಂಚಾಗತದ.
ನನಗೋ ದಿನಕ್ಕ ಮುಕ್ಕಾಲು ಲೀಟರ್,
ಚಹಾ, ಸಾರು, ಮಜ್ಜಿಗಿ ಎಲ್ಲಾ ಹಿಡಿದು.
ಗಡಿಗಿ ಮುಂದ ಕುಂತು
ಅದರ ಬೆವರು ನೋಡತಿದ್ದೆ.
ಆಮ್ಯಾಲೆ, ಸುಳ್ಳ್ಯಾಕ ಹೇಳ್ಲಿ,
ಚರಿಗಿ ಎತ್ತಿ ಗಿಡಕ್ಕ ಹಾಕತಿದ್ದೆ.
ಮುಂಜಾನೊಮ್ಮೆ. ಸಂಜಿಗೊಮ್ಮೆ.
ನಡುರಾತ್ರಿ ಎದ್ದು ಮತ್ತೊಮ್ಮೆ.
ಮಣ್ಣು ಗುಟುಕು ಗುಟುಕು ಎಳಕೊಳ್ಳೋ ಸಪ್ಪಳ
ನನ್ನ ಗಂಟಲದಾಗೇ ಇಳಿದಂಗ ಆಗತಿತ್ತು.

ಇಪ್ಪತ್ತು ದಿನಕ್ಕ ಎಲಿ ಗಾಜಾದವು.
ಮುಟ್ಟಿದರ ಕೈಗೇ ಬಂತು,
ಕೊಳೆತ ಅಂಜೂರದ ಮೆದು.
ಬುಡದಾಗ ಮೋರಿ ವಾಸನಿ.

ಸಿಸ್ಟರ್ ಬೈಲಿಲ್ಲ. ಸೂಜಿ ಚುಚ್ಚಿಕೋತ ಅಂದ್ಲು,
"ನಿಮ್ಮ ನೀರಡಿಕಿ ಅದಕ್ಕ್ಯಾಕ ಹೊರಿಸಿದ್ರಿ?
ಅದೂ ನಿಮ್ಮಂಗೇ.
ಹೆಚ್ಚಾದದ್ದು ಹೊರಗ ಹಾಕಲಾರದು."

ಬಿಡಿಸಿ ನೋಡಿದಾಗ ಒಂದು ಮರಿ ಗಟ್ಟಿ ಇತ್ತು,
ಬಾರಿಹಣ್ಣಿನಷ್ಟು.
ಪೇಪರ್ ಮ್ಯಾಲೆ ಐದು ದಿನ ಒಣಗಾಕ ಇಟ್ಟೆ.
ಹೆದರಿಕಿ.
ಒಣಗಿಸೋದೂ ಜ್ವಾಪಾನ ಹೆಂಗಾದೀತು?
ಕರಿಮಣ್ಣು ಬ್ಯಾಡಂತ, ನೀರು ಹಿಡಕೊಂಡು ಕುಂದರತದ.
ಭೀಮಾ ಹೊಳಿ ಉಸುಕು, ಇಟ್ಟಂಗಿ ಚೂರು,
ಡಬ್ಬಿ ತಳಕ್ಕ ಮೂರು ತೂತು.

ಈಗ ಹದಿನೈದು ದಿನಕ್ಕೊಮ್ಮೆ,
ಬೆರಳು ಮಣ್ಣಾಗ ಊರಿ ನೋಡೇ,
ಕೆಮ್ಮಿನ ಔಷಧಿ ಮುಚ್ಚಳದಿಂದ ಮೂರು ಮುಚ್ಚಳ.
ಎಲಿ ನಡುವ ಹನಿ ನಿಂದರಬಾರದು.
ಬಿಸಲು ಏರತಿದ್ದಂಗ ಪರದೆ.
ಒಂದಿನ ಮರೆತರ ತುದಿ ಕೆಂಪಾಗತಾವ
ಸಿಟ್ಟು ಬಂದವರ ಕಿವಿಯಂಗ.
ಉಳಿದ ದಿನ ಸುಮ್ಮನ ಇರೋದು.
ಅದೇ ಬರಂಗಿಲ್ಲ ನನಗ.

ನನ್ನ ಬಾಟ್ಲಿಗೂ ಮನಿಯವರು
ಪೆನ್ನಿಲೆ ಗೆರಿ ಎಳದಾರ:
ಮುಂಜಾನಿ ಇಲ್ಲಿತನ, ಮಧ್ಯಾಹ್ನ ಇಲ್ಲಿತನ.
ಕಿಟಕಿಯಾಗ ಎರಡೂ ಜೋಡಿ ಕುಂತಾವ.

ಮೊನ್ನೆ ಮಂಗಳವಾರ ಡಬ್ಬಿ ಚೀಲದಾಗ ಇಟ್ಟುಕೊಂಡು ಹೋದೆ,
ಸಿಸ್ಟರಿಗೆ ತೋರಸಾಕ.
ತೂಕದ ಯಂತ್ರ ಹತ್ತಿದೆ. ಎರಡು ಕಿಲೊ ನೀರು ಹೆಚ್ಚು.
ಇಳಿದು ಅದನ್ನ ಇಟ್ಟೆ.
ಮುಳ್ಳು ಅಳ್ಳಾಡಲೇ ಇಲ್ಲ.
"ಶಾಣ್ಯಾ ಅದ," ಅಂದ್ಲು ಶಮೀಮ್,
ನನ್ನ ತೋಳು ಎಳಕೊಂಡು
ಗುಂಯ್ ಅನ್ನೋ ನರ ಹುಡುಕಿಕೋತ.