ತಂತಿಯ ಕೆಳಗೆ

ಕಾರ್ಗಲ್ಲಿನ ಹೈಸ್ಕೂಲಿನಲ್ಲಿ, ಹತ್ತನೆಯ ತರಗತಿಗೆ,
‘ಕ್ಷೇತ್ರ’ ಎಂದು ಬರೆದು ತಿರುಗಿದೆ.
‘ಸಿಗಂದೂರಾ ಸಾರ್?’ ಎಂದಳು ಜೆಸಿಂತಾ.
‘ಅಲ್ಲ, ಸಾಗರ ಕ್ಷೇತ್ರ’ ಎಂದ ತನ್ವೀರ,
ಅವನಪ್ಪ ಬೂತಿನ ಏಜೆಂಟು.
ನಗು ಅಡಗುವ ತನಕ ಸೀಮೆಸುಣ್ಣ ಮುರಿಯುತ್ತ ನಿಂತೆ.

ಹೇಗೆ ಹೇಳಲಿ?
ತಳ್ಳಲು ಕೈ ಬೇಕು, ಎಳೆಯಲು ಹಗ್ಗ ಬೇಕು
ಎಂದು ನಂಬಿ ಬೆಳೆದವರು ನಾವೆಲ್ಲ.
ಮುಟ್ಟದೆ ತಾಗುವುದು ಮಾಟ, ಇಲ್ಲವೇ ದೃಷ್ಟಿ.
ಪುಸ್ತಕ ಬೇರೆ ಹೇಳುತ್ತದೆ: ಬರಿದೆಂಬ ಜಾಗವೇ ಇಲ್ಲ,
ಚುಕ್ಕೆ ಚುಕ್ಕೆಗೂ ಒಂದು ಬೆಲೆ, ಒಂದು ದಿಕ್ಕು,
ಅಲ್ಲಿ ಯಾರೂ ನಿಂತಿರದಿದ್ದರೂ.

ಸಂಜೆ, ಸ್ಟಾಫ್ ರೂಮಿನ ಅಟ್ಟದಿಂದ
ತುದಿ ಕಪ್ಪಾದ ಟ್ಯೂಬ್‌ಲೈಟೊಂದನ್ನು ಇಳಿಸಿ
ಹನ್ನೊಂದು ಜನ ಹೊರಟೆವು ಲೈನಿನಡಿಗೆ.
ಕಾಡಿಗೆ ತೆಗೆದ ಬೈತಲೆ. ಮೇಲೆ ಶರಾವತಿ,
ನೀರಲ್ಲದ ಶರಾವತಿ,
ಗುಂಯ್ ಎನ್ನುತ್ತ ಗುಡ್ಡ ಹತ್ತುತ್ತಿತ್ತು.
ಕತ್ತಲಾಗಲೆಂದು ಕಾದೆವು. ಉಂಬಳ ಹತ್ತಿ ಯಾರೋ ಬೈದರು.

ಗುತ್ಯಪ್ಪ ಟ್ಯೂಬನ್ನು ನೆಟ್ಟಗೆ ಹಿಡಿದ.
ವೈರಿಲ್ಲ, ಸ್ವಿಚ್ಚಿಲ್ಲ, ಚೋಕಿಲ್ಲ,
ಹತ್ತಿತು.
ನಡುಗುವ ನೀಲಿ. ಮುಷ್ಟಿಯ ಮೇಲೆ ಬೆಳಕು, ಕೆಳಗೆ ಬರೀ ಗಾಜು.
ಅಡ್ಡ ಮಲಗಿಸಿದರೆ ಆರಿತು, ಎತ್ತಿದರೆ ಮತ್ತೆ.
‘ನೋಡಿ, ಇದು ಈಗ ಬಂದದ್ದಲ್ಲ, ಇಲ್ಲೇ ಇದ್ದದ್ದು’
ಎನ್ನಲು ಬಾಯಿ ತೆರೆದೆ.

‘ನಮ್ಮನೆ ಪಕ್ಕದಲ್ಲೇ ಹೋಗ್ತದೆ ಸಾರ್ ಈ ಲೈನು’
ಎಂದ ಅವನು, ಟ್ಯೂಬಿನಿಂದ ಕಣ್ಣು ತೆಗೆಯದೆ,
‘ನಮ್ಗೆ ಕರೆಂಟಿಲ್ಲ.’

ಅದಕ್ಕೆ ಸಮೀಕರಣವಿರಲಿಲ್ಲ ನನ್ನಲ್ಲಿ.
ಟ್ಯೂಬನ್ನು ಅವನೇ ಒಯ್ದ.

ತಿಂಗಳ ಮೇಲೆ ಅದೇ ದಾರಿಯಲ್ಲಿ ಕಂಡೆ:
ಅವರ ಗದ್ದೆಯ ಬದುವಿನಲ್ಲಿ ಗೂಟದ ಹಾಗೆ ಅದು ನಿಂತಿದೆ.
(ಕ್ಷೇತ್ರವೆಂದರೆ ಮೊದಲಿಗೆ ಹೊಲವೆಂದೇ ಅರ್ಥ.
ಕರಿಹಲಗೆಯ ಮುಂದೆ ಮರೆತಿದ್ದೆ.)
ಅದರಡಿ ಕೂತು ಅವನವ್ವ ಮೀನು ಹೆರೆಯುತ್ತಿದ್ದಾಳೆ.
ಮುಳ್ಳು ಕಾಣುವಷ್ಟಿಲ್ಲ ಬೆಳಕು,
ಹೊಂಚುವ ಬೆಕ್ಕು ಕಾಣುವಷ್ಟಿದೆ.

ಇದು ಹೇಗೆ ಹತ್ತುತ್ತದೆ ಗೊತ್ತಾ ಎಂದು ಕೇಳಿದೆ, ಮೇಷ್ಟರ ಚಟ.

‘ತಂತಿ ಬೆವರ್ತದಲ್ರಾ’
ಎಂದಳು ಕೈಯ ಹುರುಪೆ ಕೊಡವುತ್ತ,
‘ಅಷ್ಟು ಭಾರ ಹೊತ್ಕಂಡು ಅಷ್ಟು ದೂರ ಹೋಗಾದು,
ಬೆವರ್ದೆ ಇರ್ತದಾ?’