ಬೂದು, ನಾಲ್ಕನೆಯ ಸಲ

ಕಾರವಾರದ ಆಸ್ಪತ್ರೆಯ ಲ್ಯಾಬಿನಲ್ಲಿ ಹದಿನೇಳು ವರ್ಷದಿಂದ
ಗಾಜಿನ ಪಟ್ಟಿಯ ಮೇಲೆ ನೆತ್ತರಿಗೆ ಬಣ್ಣ ಹಾಕುವವಳು ನಾನು.
ಎರಡು ನಿಮಿಷ ನೇರಳೆ, ಎಂಟು ನಿಮಿಷ ನೀರು ಬೆರೆತದ್ದು,
ಆಮೇಲೆ ನಲ್ಲಿಯ ಕೆಳಗೆ.
ಬಣ್ಣ ನನಗೆ ಒಂದು ದಿನವೂ ಎದುರಾಡಿದ್ದಿಲ್ಲ.

ಈಗ ಈ ವಿಮಾನ.
ಕಡಲದಂಡೆಯಲ್ಲಿ ತಂದು ನಿಲ್ಲಿಸಿದ್ದಾರಲ್ಲ
ನೌಕಾಪಡೆಯ ಆ ಮುದುಕ,
ಅದರದೇ ಪ್ಲಾಸ್ಟಿಕ್ ಮರಿ.
ಬಂಗಡೆಗಿಂತ ಉದ್ದ, ಇಸ್ವಾಣಕ್ಕಿಂತ ಗಿಡ್ಡ,
ನಾಲ್ಕು ಎಂಜಿನ್ನು, ಎಂಟು ಪಂಖ.
ಅಂಟಿಸುವ ತನಕ ಎಲ್ಲ ಸುಸೂತ್ರ.

ಮೊದಲ ಸಲ ಬೂದು ಹೊಡೆದದ್ದು ಜುಲೈಯಲ್ಲಿ.
ಉಪ್ಪಿನ ಭರಣಿ ಅಳುತ್ತಿದ್ದ ವಾರ,
ಬೆಂಕಿಕಡ್ಡಿ ಗೀರಿದರೆ ಮದ್ದು ಮೆತ್ತಗೆ ಉದುರುತ್ತಿತ್ತು.
ಬೆಳಗ್ಗೆ ಎದ್ದು ನೋಡಿದರೆ
ರೆಕ್ಕೆಯ ತುಂಬ ಬಿಳಿ ಮಂಕು,
ಪೊರೆ ಬಂದ ಕಣ್ಣು.
'ಇನ್ನೂ ಹಾರಲಿಲ್ಲವಾ ಅದು?' ಎಂದರು ಅತ್ತೆ,
ನಲವತ್ತೊಂದರ ಸೊಸೆಗೆ ಕೇಳುವ ಹಾಗೆ, ಅಲ್ಲಗೆ.

ಉಜ್ಜಿದೆ. ಮತ್ತೆ ಹೊಡೆದೆ.
ಈ ಸಲ ಬಣ್ಣ ಅಲ್ಲಲ್ಲಿ ಹಿಂದೆ ಸರಿದು
ಸಣ್ಣ ಸಣ್ಣ ಕುಳಿ, ಸಿಡುಬಿನ ಮುಖ.

ಬೈತಖೋಲದಲ್ಲಿ ದೋಣಿಗಳೆಲ್ಲ ದಡಕ್ಕೆ ಬಂದಿದ್ದವು,
ಮೀನುಗಾರಿಕೆ ಬಂದ್.
ಎರಡು ಮಳೆಯ ನಡುವಿನ ಬಿಸಿಲಿಗೆ ಕಾಯುತ್ತ
ಡಬ್ಬದ ಮೇಲೆ ಕೂತಿದ್ದ ಫೊಂಡು ಬಾನಾವಳಿ.
ಚೀಲದಿಂದ ರೆಕ್ಕೆ ತೆಗೆದು ತೋರಿಸಿದೆ.
ಅವನು ನಗಲಿಲ್ಲ. ಬೆಳಕಿಗೆ ಓರೆ ಹಿಡಿದ.
'ಬಣ್ಣದ ತಪ್ಪಲ್ಲ ಬಾಯೀ, ಅಡಿಯಲ್ಲಿ ಎಣ್ಣೆ ಅದೆ.
ತಾರ್ಲೆ ತುಂಬಿದ ದೋಣಿಗೂ ಇದೇ ಗತಿ.
ಮೊದಲು ಸೋಪು. ಆಮೇಲೆ ಬಿಸಿಲು.
ಆಮೇಲೆ ಸುಮ್ಮನಿರೋದು, ಅದೇ ಕಷ್ಟ.'
ದೋಣಿಯ ಹೊಟ್ಟೆಯನ್ನು ಉಜ್ಜುಕಾಗದದಿಂದ ಒಂದಿಷ್ಟು ತಿಕ್ಕಿ ತೋರಿಸಿದ:
ಹೋದ ವರ್ಷದ ಹಸಿರು, ಅದರ ಕೆಳಗೆ ನೀಲಿ,
ಅದರ ಕೆಳಗೆ ಒಂದು ಹಳದಿ.
'ಇದು ಹಳೇ ಮಾಲಕನದು. ಸಾಲಕ್ಕೆ ಮಾರಿದ.'

ಪ್ಲಾಸ್ಟಿಕ್ಕಿಗೂ ಎಣ್ಣೆ ಇರುತ್ತದೆಂದು ನನಗೆ ಗೊತ್ತಿರಲಿಲ್ಲ,
ಅಚ್ಚಿನಿಂದ ಜಾರಿ ಬರಲು ಸವರಿದ್ದಂತೆ.
ಕೂಸಿಗೆ ಎರೆಯುವ ಹಾಗೆ ಎರೆದೆ,
ಹಳೆಯ ಬ್ರಶ್ಶಿನಿಂದ ಪಂಖದ ಸಂದಿಯನ್ನೂ ತಿಕ್ಕಿ.
ಒಣಗಲು ಹಪ್ಪಳದ ಡಬ್ಬ, ಜೊತೆಗೆ
ಲ್ಯಾಬಿನ ಪೆಟ್ಟಿಗೆಗಳಲ್ಲಿ ಬರುವ
ಆ 'ತಿನ್ನಬೇಡಿ' ಪೊಟ್ಟಣ ಆರು.

ಮೂರನೆಯ ಸಲ ಚೆನ್ನಾಗಿ ಕೂತಿತ್ತು.
ಕೆಡಿಸಿದವಳು ನಾನೇ.
ಪಟ್ಟೆ ಬಿಡಿಸಲು ಡ್ರೆಸ್ಸಿಂಗ್ ಟೇಪು ಅಂಟಿಸಿ ಎಳೆದರೆ
ಹಕ್ಕಳೆ ಕಿತ್ತ ಹಾಗೆ ಬೂದು ಅದರ ಜೊತೆಗೇ ಎದ್ದು ಬಂತು.
ಎಳೆಕೂಸಿನ ರಕ್ತ ತೆಗೆದ ಮೇಲೆ
ಟೇಪನ್ನು ಮೊದಲು ನನ್ನ ಮುಂಗೈಗೆ ಒತ್ತಿ
ಜಿಗುಟು ಇಳಿಸಿ ಅಂಟಿಸುತ್ತೇನೆ, ದಿನಾ.
ದಿನಾ ಮಾಡುವುದು ಮನೆಯಲ್ಲಿ ನೆನಪಾಗಲಿಲ್ಲ.

ರಜೆ ಹಾಕಿ ಅಸಲಿಯನ್ನು ನೋಡಲು ಹೋದೆ.
ಅಲ್ಲಿ ಒಂದು ಬೂದು ಇರಲಿಲ್ಲ.
ರೆಕ್ಕೆಯ ಕೆಳಗೆ ಒಂದು, ಬಾಗಿಲ ಬಳಿ ಇನ್ನೊಂದು,
ಮೊಳೆಯ ಸಾಲಿನಿಂದ ಮಳೆ ಇಳಿದ ಕಡೆ
ಹೆಸರಿಲ್ಲದ್ದು ಒಂದು.
ಡಬ್ಬಿಯ ಮೇಲಿನ ನಂಬರಿಗೆ ಹೊಂದುವ ಜಾಗ ಹುಡುಕುತ್ತ
ಎರಡು ಸುತ್ತು ಬಂದೆ.
ಕಾವಲಿನವ ಕೇಳಿದ, ಏನಾದರೂ ಬಿದ್ದಿದೆಯಾ ಮೇಡಂ.

ನಾಲ್ಕನೆಯ ಸಲ, ನಿನ್ನೆ.
ಬೆಳಗಿನ ಗಾಳಿ ಇನ್ನೂ ಗುಡ್ಡದಿಂದ ಬೀಸುತ್ತಿದ್ದಾಗ,
ಕಡಲು ತನ್ನ ಪಾಳಿಗೆ ಬರುವ ಮೊದಲು,
ತೆಳ್ಳಗೆ, ಮಜ್ಜಿಗೆಯ ಮೇಲಿನ ನೀರಿನಷ್ಟು ತೆಳ್ಳಗೆ,
ಕೈ ನಿಲ್ಲಿಸದೆ.
ಒಂದು ಹನಿ ಇಳಿದಿತ್ತು. ಒಣಗಿದ ಮೇಲೆ ಅದನ್ನು ಮಾತ್ರ
ನೀರು ಹಚ್ಚಿ ಉಜ್ಜಿದೆ.
ರೆಕ್ಕೆಯ ಅಂಚಿನಲ್ಲಿ ಗೆರೆಗೆರೆಯಾಗಿ
ಜುಲೈಯ ಮಂಕು, ಸಿಡುಬಿನ ಬೂದು, ಟೇಪಿನ ಗಾಯ,
ಫೊಂಡು ಓದಿದ್ದರೆ ಓದುತ್ತಿದ್ದ.

ಅದರ ಮೇಲೆ ಕೊನೆಯ ಪದರ ಹೊಡೆದಿದ್ದೇನೆ.
ಹೊಳೆಯುತ್ತಿದೆ, ಅಂದರೆ ಇನ್ನೂ ಹಸಿ.
ಬೆರಳಿಗೆ ತಡೆಯಲಾಗುತ್ತಿಲ್ಲ.
ಅಡುಗೆಮನೆಯಲ್ಲಿ ಕೈ ಹಿಂದೆ ಕಟ್ಟಿ ನಿಂತಿದ್ದೇನೆ.
ಪಕ್ಕದಲ್ಲಿ ಅತ್ತೆ.
ಅವರ ಕೈಯೂ ಬೆನ್ನ ಹಿಂದೆ.