ಹೆಸರಿಲ್ಲದ ಡಬ್ಬಿ

ಗೋಣಿಕೊಪ್ಪಲು, ಗೊಬ್ಬರದಂಗಡಿಯ ಮೇಲಿನ ಮಹಡಿ.
ಮೆಟ್ಟಿಲು ಹತ್ತುವವರಿಗೆ ಮೊದಲು ಯೂರಿಯಾ ವಾಸನೆ,
ಆಮೇಲೆ ನಮ್ಮದು.

ಶೈಲಕ್ಕ ಕಲಿಸಿದ್ದು ಇಷ್ಟು:
ಕೇಳಿದರೆ ಕೇಸರಿ ಅನ್ನು, ಬಾದಾಮಿ ಅನ್ನು,
ಕೇಳದಿದ್ದರೆ ಸುಮ್ಮನಿರು.
ಉರಿ ಅಂದರೆ, ‘ಕೆಲಸ ಮಾಡ್ತಾ ಇದೆ’ ಅನ್ನು.
ಸಿಪ್ಪೆ ಎದ್ದರೆ, ‘ಬಿಸಿಲು ಬಿಡ್ತಾ ಇದೆ’ ಅನ್ನು.
ಒಂಬತ್ತು ವರ್ಷ ಅಂದೆ.

ಬೊಳ್ಳಮ್ಮ ಬಂದದ್ದು ಮದುವೆಗೆ ನಲವತ್ತು ದಿನ ಇರುವಾಗ.
ಲೆಫ್ಟ್ ವಿಂಗ್ ಆಡುವವಳು, ಪೊನ್ನಂಪೇಟೆ ಮೈದಾನದ
ಬಿಸಿಲನ್ನೆಲ್ಲ ಮುಖದಲ್ಲಿ ಕಟ್ಟಿಕೊಂಡು ಬಂದಿದ್ದಳು;
ಕಾಲುಚೀಲದ ಗೆರೆಯ ಕೆಳಗೆ ಬೇರೆಯೇ ಯಾರೋ.
‘ಹೆಸರಲ್ಲೇ ಬಿಳುಪಿದೆ, ಅತ್ತೆಗೆ ಅದು ಸಾಲದಂತೆ’
ಎಂದು ನಕ್ಕಳು. ನಾನೂ ನಕ್ಕು
ಡಬ್ಬಿಯ ಮುಚ್ಚಳ ತಿರುಗಿಸಿದೆ.

ಅದಕ್ಕೆ ಲೇಬಲ್ ಇಲ್ಲ. ಕಂಪನಿಯಿಲ್ಲ, ತಾರೀಖಿಲ್ಲ.
ತಿಂಗಳಿಗೊಮ್ಮೆ ಕುಟ್ಟದ ಬಸ್ಸಲ್ಲಿ ಒಬ್ಬ ತರುತ್ತಾನೆ,
ಮಲಯಾಳಂ ಪೇಪರಿನಲ್ಲಿ ಸುತ್ತಿ.
ಕೆಳಗಿನ ಗೊಬ್ಬರದ ಚೀಲದ ಮೇಲಾದರೂ
ಒಳಗೇನಿದೆ ಅಂತ ಅಚ್ಚಾಗಿರುತ್ತದೆ.

ನಿಜ ಹೇಳಬೇಕು: ಮದುವೆಯ ದಿನ ಅವಳು ಹೊಳೆದಳು.
ಫೋಟೋ ನಮ್ಮ ಗೋಡೆಯಲ್ಲಿದೆ,
ಕೆಂಪು ಸೀರೆ, ಪತ್ತಾಕ್, ಹಾಲುಗೆನ್ನೆ.
ಅದನ್ನು ತೋರಿಸಿ ಹನ್ನೊಂದು ಮದುವೆ ಹಿಡಿದೆವು.

ಫೆಬ್ರವರಿ. ಕಣದ ತುಂಬ ಕಾಫಿ ಹರಡಿದ ಕಾಲ.
ಮುಖಕ್ಕೆ ದುಪ್ಪಟ್ಟಾ ಸುತ್ತಿ ಅದೇ ಮೆಟ್ಟಿಲು ಹತ್ತಿದಳು.
ಬಿಚ್ಚಿದಾಗ
ಪಲ್ಪರಿಗೆ ಕೊಟ್ಟು ತೆಗೆದ ಹಾಗೆ
ಮೇಲಿನ ಪದರ ಎಲ್ಲೋ ಹೋಗಿತ್ತು.
ಕೆನ್ನೆಯಲ್ಲಿ ಕೆಂಪು ನರಗಳ ಜೇಡಬಲೆ,
ಗಲ್ಲದಲ್ಲಿ ಮೊದಲಿಲ್ಲದ ರೋಮ.
‘ಬಿಸಿಲು ಬಿಡಿ, ಒಲೆ ಮುಂದೆಯೂ ನಿಲ್ಲಕ್ಕಾಗಲ್ಲ’ ಅಂದಳು.
‘ಮೈಸೂರಿನ ಡಾಕ್ಟರು ಎರಡೇ ಕೇಳಿದ್ರು,
ಸ್ಟೀರಾಯ್ಡಾ? ಪಾದರಸವಾ? ಹೆಸರು ತಗೊಂಡು ಬಾ ಅಂದ್ರು.’

ಶೈಲಕ್ಕ ಒಳಗಿಂದಲೇ:
‘ನಿಂದು ಸೂಕ್ಷ್ಮ ಚರ್ಮ ಕಣೆ, ಬೇರೆ ಯಾರಿಗೂ ಹೀಗಾಗಿಲ್ಲ.’

ನನ್ನ ಬೆರಳು ನೋಡಿಕೊಂಡೆ.
ಹೋದ ತಿಂಗಳು ರೇಷನ್ ಅಂಗಡಿಯಲ್ಲಿ
ಹೆಬ್ಬೆಟ್ಟು ಒತ್ತಿ ಒತ್ತಿ ಸಾಕಾಯಿತು,
ಮೂರು ಸಲವೂ ಯಂತ್ರ ಅಂದಿತು: ಇವಳು ಯಾರೋ ಗೊತ್ತಿಲ್ಲ.
ಗೆರೆಗಳೆಲ್ಲ ಯಾರ್ಯಾರ ಕೆನ್ನೆಗೋ ಹೋಗಿದ್ದವು.

ಖಾಲಿ ಕುಂಕುಮದ ಭರಣಿ ತೊಳೆದು, ಒರೆಸಿ,
ಎರಡು ಚಮಚ ತುಂಬಿ ಅವಳ ಕೈಗಿಡುವ ಮುಂಚೆ
ಮುಚ್ಚಳಕ್ಕೆ ಬಿಳಿ ಟೇಪು ಅಂಟಿಸಿ ಪೆನ್ನು ತೆಗೆದೆ.
ಏನೆಂದು ಬರೆಯಲಿ?
ಜಲಜಾಕ್ಷಿ, ಎಂದು ಬರೆದೆ.
ಕೆಳಗೆ ಫೋನ್ ನಂಬರು.